ದೀಪ ಆರಿಸಿದಾಗ ಮಂಗಕ್ಕೆ ನೆನಪಾಯಿತು

ಎಡಿಎಚ್‌ಡಿ (ಗಮನ ನಿಲ್ಲಿಸುವುದು, ದುಡುಕು ತಡೆಯುವುದು ಕಷ್ಟವಾಗುವ ಮಿದುಳಿನ ಸ್ಥಿತಿ) ಇರುವ ದೊಡ್ಡವರಿಗೆ ನಮ್ಮಲ್ಲಿ ಎರಡು ಬೈಗುಳ ಖಾಯಂ: ಮರೆಗುಳಿ, ಬಾಯಿಬಡುಕ. ಮರೆವಿಗೆ ಮೆಮೊರಿ ಟಾನಿಕ್, ದುಡುಕಿಗೆ ಬುದ್ಧಿಮಾತು. ತಾಯತ ಕಟ್ಟುವವರೂ ಇದ್ದಾರೆ ಬಿಡಿ. ಇವೆರಡೂ ಒಂದೇ ಬೇರಿನಿಂದ ಹುಟ್ಟಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ.

1930ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಕಾರ್ಲೈಲ್ ಜೇಕಬ್ಸನ್ ಮಂಗಗಳಿಗೆ ಒಂದು ಪರೀಕ್ಷೆ ಒಡ್ಡಿದರು. ಎದುರಿಗೆ ಎರಡು ಬಟ್ಟಲು. ಮಂಗ ನೋಡುತ್ತಿರುವಾಗಲೇ ಒಂದರ ಕೆಳಗೆ ತಿಂಡಿ ಇಟ್ಟು, ನಡುವೆ ಪರದೆ ಇಳಿಸಿ, ಸ್ವಲ್ಪ ಹೊತ್ತು ಕಾಯಿಸುವುದು. ಪರದೆ ಎತ್ತಿದರೆ ಮಾಮೂಲಿ ಮಂಗ ಸರಿಯಾದ ಬಟ್ಟಲಿಗೇ ಕೈ ಹಾಕುತ್ತದೆ. ಹಣೆಯ ಹಿಂದಿನ ಮಿದುಳಿನ ಭಾಗ ತೆಗೆದ ಮಂಗ ಮಾತ್ರ ಸುಮ್ನೆ ಯಾವುದೋ ಒಂದನ್ನು ಎತ್ತುತ್ತದೆ.

ನೆನಪೇ ಅಳಿಸಿಹೋಗಿದೆ ಅನ್ನಿಸುತ್ತೆ ಅಲ್ವಾ? 1942ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ರಾಬರ್ಟ್ ಮಾಲ್ಮೋ ಕಾಯಿಸುವ ಹೊತ್ತಿನಲ್ಲಿ ದೀಪ ಆರಿಸಿ ನೋಡಿದರು. ಅಂಥ ಮಂಗಗಳೇ ಈಗ ಎಷ್ಟೋ ಪಾಲು ಸರಿ ಮಾಡಿದವು! ಕತ್ತಲಲ್ಲಿ ಕಣ್ಣು ಸೆಳೆಯಲು ಏನೂ ಇರಲಿಲ್ಲ, ನೆನಪು ಉಳಿಯಿತು. ಅಂದರೆ ಒಂದು ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಡುವುದು, ಅಡ್ಡ ಬರುವುದನ್ನು ತಡೆಯುವುದು, ಎರಡೂ ಹೆಣೆದುಕೊಂಡ ಕೆಲಸ. ಇಷ್ಟು ಅಗ್ಗದ ಉಪಾಯದಿಂದ ಇಷ್ಟು ದೊಡ್ಡ ವಿಷಯ ಹೊರಬಿದ್ದದ್ದು ನನಗಂತೂ ಇಂದಿಗೂ ಖುಷಿ.

1979ರ ಇನ್ನೊಂದು ಪ್ರಯೋಗದಲ್ಲಿ ಆ ಭಾಗವನ್ನು ತೆಗೆಯಲೇ ಇಲ್ಲ. ಅಲ್ಲಿನ ಡೋಪಮೈನ್, ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ, ಅದನ್ನು ಮಾತ್ರ ಬರಿದು ಮಾಡಿದರು. ಆಗಲೂ ಮಂಗ ಹೆಚ್ಚುಕಡಿಮೆ ಅಷ್ಟೇ ತಪ್ಪು ಮಾಡಿತು.

ಎಡಿಎಚ್‌ಡಿ ಇರುವವರ ಮಿದುಳಿನಲ್ಲಿ ಏನೂ ತುಂಡಾಗಿಲ್ಲ. ಆದರೆ ಹಣೆಯ ಹಿಂದಿನ ಆ ಭಾಗದ ಜಾಲ, ಅದೇ ರಾಸಾಯನಿಕ ಇಲ್ಲೂ ಮುಖ್ಯ. ಎಡಿಎಚ್‌ಡಿಗೆ ಕೊಡುವ ಮೆಥೈಲ್‌ಫೆನಿಡೇಟ್ ಮಾತ್ರೆ ಆ ಜಾಗದಲ್ಲಿ ಡೋಪಮೈನ್, ಅಂಥದ್ದೇ ಇನ್ನೊಂದು ರಾಸಾಯನಿಕ ನೋರೆಪಿನೆಫ್ರಿನ್ ಜಾಸ್ತಿ ಹೊತ್ತು ಸಿಗುವಂತೆ ಮಾಡುತ್ತದೆ. ವೈದ್ಯರು ನೋಡಿ ಕೊಡಬೇಕಾದ ಔಷಧ ಅದು, ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯನಿಂದ ಇಸಕೊಳ್ಳುವುದಲ್ಲ.

ಈಗ ಆಫೀಸಿನ ಮೀಟಿಂಗಿಗೆ ಬನ್ನಿ. ಹೇಳಬೇಕಾದ ಮಾತು ಹೊಳೆದಿದೆ, ಎದುರಿನವರ ಮಾತು ಮುಗಿದಿಲ್ಲ. ಅಷ್ಟರವರೆಗೆ ಅದನ್ನು ತಲೆಯಲ್ಲಿ ಹಿಡಿದಿಡಬೇಕು. ಈಗ ಹೇಳದಿದ್ದರೆ ಹಾರಿಹೋಗುತ್ತದೆ ಅಂತ ಅನುಭವದಿಂದ ಗೊತ್ತಿರುವವರು ನಡುವೆ ಬಾಯಿ ಹಾಕುತ್ತಾರೆ. ನೋಡುವವರಿಗೆ ಅದು ಅಹಂಕಾರ. ಶಾಪಿಂಗ್ ಆಪ್‌ನಲ್ಲೂ ಹೀಗೇ. ಡಿಸ್ಕೌಂಟ್ ಕಣ್ಣೆದುರಿಗಿದೆ, ಮುಂದಿನ ವಾರದ ಇಎಂಐ ಮನಸ್ಸಿನಿಂದ ಜಾರಿದೆ.

ಎಲ್ಲರಿಗೂ ಒಂದೇ ಥರ ಇರುವುದಿಲ್ಲ ಅನ್ನಿ. ಆದರೆ ಮೊಬೈಲಿನ 'ಬ್ರೈನ್ ಗೇಮ್' ಮಾರುವವರನ್ನು ಮಾತ್ರ ನಂಬಬೇಡಿ. ಆಡಿದವರು ಆ ಆಟದಲ್ಲಿ ಪಳಗುತ್ತಾರೆ, ದಿನದ ಬದುಕಿಗೆ ಅದು ಇಳಿದುಬರುವುದು ತೀರಾ ಕಡಿಮೆ. ಅದಕ್ಕಿಂತ ಮೀಟಿಂಗಿಗೆ ಒಂದು ಚೀಟಿ, ಪೆನ್ನು ಒಯ್ಯಬಹುದು. ಹೊಳೆದದ್ದನ್ನು ಒಂದೇ ಪದದಲ್ಲಿ ಗೀಚಿಟ್ಟರೆ ತಲೆಯಲ್ಲಿ ಹಿಡಿದಿಡುವ ಕೆಲಸವೇ ಇರುವುದಿಲ್ಲ.