‘ನನಗೆ ಚಿತ್ರ ಬರಲ್ಲ’ ಎಂಬ ಮಾತಿನ ಹಿಂದೆ

ಐದು ವರ್ಷದ ಮಗುವಿನ ಕೈಗೆ ಬಳಪ ಕೊಟ್ಟರೆ ‘ನನಗೆ ಬರಲ್ಲ’ ಅನ್ನುವುದಿಲ್ಲ. ಅದೇ ಮಗು ಹತ್ತು ವರ್ಷಕ್ಕೆ ಬರುವ ಹೊತ್ತಿಗೆ ಹಾಳೆಯನ್ನು ತೋಳಿನಿಂದ ಮರೆಮಾಡಿಕೊಂಡು, ಬರೆದದ್ದಕ್ಕಿಂತ ಹೆಚ್ಚು ಅಳಿಸುತ್ತಾ ಕೂತಿರುತ್ತದೆ. ನಾಟಕದಲ್ಲೂ ಅಷ್ಟೆ. ಮನೆಯಲ್ಲಿ ಟೀಚರ್ ಆಟ ಆಡುತ್ತಾ ಗಂಟೆಗಟ್ಟಲೆ ಮಾತಾಡುವ ಹುಡುಗಿ, ವೇದಿಕೆಯ ಮೇಲೆ ಎರಡು ಸಾಲು ಒಪ್ಪಿಸುವಷ್ಟರಲ್ಲಿ ಬೆವರುತ್ತಾಳೆ. ವಯಸ್ಸಿನ ಪಾಲು ಇದರಲ್ಲಿದೆ, ನಿಜ. ಉಳಿದ ಪಾಲು ಈ ಎರಡು ಕಲೆಗಳು ಶಾಲೆಯೊಳಗೆ ಬಂದ ದಾರಿಯದ್ದು.

ಡ್ರಾಯಿಂಗ್ ಬಂದದ್ದು ಕಾರ್ಖಾನೆಯ ಕಡೆಯಿಂದ. 19ನೇ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಶಿಕ್ಷಣತಜ್ಞ ಪೆಸ್ಟಲಾಟ್ಸಿ ಗೆರೆ, ಕೋನ, ಕಮಾನುಗಳನ್ನು ಅಕ್ಷರಮಾಲೆಯಂತೆ ಕಲಿಸಿದ್ದ. ದೇಶದೇಶಗಳ ಸರಕು ಸೇರಿದ್ದ 1851ರ ಲಂಡನ್ ಮಹಾಪ್ರದರ್ಶನದ ನಂತರ, ಸರಕಿನ ವಿನ್ಯಾಸದಲ್ಲಿ ಹಿಂದೆ ಬೀಳುವ ಭಯದಲ್ಲಿ, ಇಂಗ್ಲೆಂಡು ಕಲಾಶಾಲೆಗಳಿಗೆ 23 ಮೆಟ್ಟಿಲಿನ ಪಠ್ಯಕ್ರಮ ಮಾಡಿತು. ಅದರ ಮೊದಲ ಮೆಟ್ಟಿಲುಗಳು ಸಾಮಾನ್ಯ ಶಾಲೆಗೂ ಇಳಿದವು. ಅಮೆರಿಕದ ಮ್ಯಾಸಚೂಸೆಟ್ಸ್ 1870ರಲ್ಲಿ ಡ್ರಾಯಿಂಗನ್ನು ಕಾನೂನಿನ ಮೂಲಕವೇ ಶಾಲೆಗೆ ತಂದಿತು. ಹತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ಊರು 15 ದಾಟಿದವರಿಗೆ ಕೈಗಾರಿಕಾ ಡ್ರಾಯಿಂಗನ್ನು ಉಚಿತವಾಗಿ ಕಲಿಸಬೇಕಿತ್ತು. ಮಕ್ಕಳ ಮುಂದೆ ಅಚ್ಚಾದ ಮಾದರಿ; ಕೆಲಸವೆಂದರೆ ಅದರ ನಕಲು. ಮೂಲ ಮತ್ತು ನಕಲನ್ನು ಪಕ್ಕಪಕ್ಕ ಇಟ್ಟರೆ ಅಂಕ ಕೊಡುವುದು ಸುಲಭ. ಕಾರ್ಖಾನೆಯ ಅಗತ್ಯ ತೀರಿದ ಮೇಲೂ ಈ ಅನುಕೂಲದಿಂದಲೇ ಪದ್ಧತಿ ಉಳಿಯಿತು.

ನಾಟಕ ಬಂದದ್ದು ಭಾಷಣಕಲೆಯ ಕಡೆಯಿಂದ. 16ನೇ ಶತಮಾನದ ಯೂರೋಪಿನಲ್ಲಿ, ಮುಖ್ಯವಾಗಿ ಜೆಸ್ಯೂಟ್ ಎಂಬ ಕ್ರೈಸ್ತ ಪಾದ್ರಿ ಸಂಘದ ಶಾಲೆಗಳಲ್ಲಿ, ಹುಡುಗರು ಲ್ಯಾಟಿನ್ ನಾಟಕ ಆಡುತ್ತಿದ್ದರು. ಉಚ್ಚಾರ ತಿದ್ದಬೇಕು, ನೆನಪು ಗಟ್ಟಿಯಾಗಬೇಕು, ನಾಲ್ಕು ಜನರ ಮುಂದೆ ನೆಟ್ಟಗೆ ನಿಲ್ಲಬೇಕು. ಒಳ್ಳೆಯ ಉದ್ದೇಶಗಳೇ. ಆದರೆ ಆಡುವವನಿಗೆ ಏನನ್ನಿಸಿತು ಎಂದು ಕೇಳುವ ಜಾಗ ಅದರಲ್ಲಿರಲಿಲ್ಲ.

ಮಕ್ಕಳ ಚಿತ್ರವನ್ನು ಚಿತ್ರವಾಗಿ ನೋಡುವುದು ಒಂದು ಮಳೆಯಿಂದ ಶುರುವಾಯಿತು ಅನ್ನಬಹುದು. 1880ರ ದಶಕದ ಆರಂಭದಲ್ಲಿ ಇಟಲಿಯ ಬೊಲೊನ್ಯದಲ್ಲಿ ಕಲಾ ಇತಿಹಾಸಕಾರ ಕೊರಾಡೊ ರಿಚ್ಚಿ ಮಳೆ ತಪ್ಪಿಸಿಕೊಳ್ಳಲು ಕಮಾನು ಸಾಲಿನಡಿ ನಿಂತಾಗ ಗೋಡೆಯ ಗೀಚುಗಳನ್ನು ಗಮನಿಸಿದ. ಕೆಳಗಡೆ, ಪುಟ್ಟವರ ಕೈಗೆಟುಕುವ ಎತ್ತರದಲ್ಲಿದ್ದವುಗಳಿಗೆ ತಮ್ಮದೇ ತರ್ಕವಿತ್ತು. 1887ರಲ್ಲಿ ಆತ ಅದನ್ನು ಪುಸ್ತಕ ಮಾಡಿದ. ಹತ್ತು ವರ್ಷಕ್ಕೆ, 1897ರಲ್ಲಿ, ವಿಯೆನ್ನಾದಲ್ಲಿ ಚಿತ್ರಕಾರ ಫ್ರಾಂಟ್ಸ್ ಚಿಝೆಕ್ ನಕಲಿಲ್ಲದ ಮಕ್ಕಳ ಕಲಾತರಗತಿ ತೆರೆದ. ಎಷ್ಟೋ ಶಿಕ್ಷಕರು ಅದನ್ನು ತಪ್ಪಾಗಿ ತಿಳಿದುಕೊಂಡರು: ಬಣ್ಣ ಕೊಟ್ಟು ಸುಮ್ಮನಿದ್ದರೆ ಸಾಕು ಎಂದು.

ಸಾಲದು. ವಿಯೆನ್ನಾದ ಕಲಿಕೆಯಿಂದಲೇ ಬಂದು, 1938ರಲ್ಲಿ ದೇಶ ಬಿಟ್ಟು, ಮುಂದೆ ಅಮೆರಿಕದಲ್ಲಿ ಪಾಠ ಮಾಡಿದ ವಿಕ್ಟರ್ ಲೋವೆನ್‌ಫೆಲ್ಡ್ ವಯಸ್ಸಿನ ಹಂತಗಳನ್ನು ಗುರುತಿಸಿದ. ಏಳರಿಂದ ಒಂಬತ್ತರ ಮಗು ಹಾಳೆಯ ಕೆಳಗೊಂದು ನೆಲದ ಗೆರೆ ಎಳೆದು ಮನೆ, ಮರ, ಅಮ್ಮ ಎಲ್ಲರನ್ನೂ ಅದರ ಮೇಲೆ ನಿಲ್ಲಿಸುತ್ತದೆ. ಆಕಾಶ ಮೇಲಿನ ಪಟ್ಟಿ. ಒಂಬತ್ತರ ನಂತರ ಕಣ್ಣು ಮುಂದೋಡುತ್ತದೆ, ಕೈ ಹಿಂದುಳಿಯುತ್ತದೆ. ಬರೆದ ಮುಖ ಮುಖದಂತಿಲ್ಲ ಎಂದು ತಿಳಿಯುತ್ತದೆ, ಯಾಕಿಲ್ಲ ಎಂದು ತಿಳಿಯುವುದಿಲ್ಲ. ಕಾರಣ ಸಾಮಾನ್ಯವಾಗಿ ಒಂದೇ: ಕಣ್ಣುಗಳನ್ನು ಹಣೆಯ ಜಾಗದಲ್ಲಿ ಬರೆದಿರುತ್ತದೆ. ತಲೆಯ ತುದಿಯಿಂದ ಗಲ್ಲದವರೆಗೆ ಪೆನ್ಸಿಲಿನಿಂದ ಅಳೆಯಲು ಹೇಳಿ, ಕಣ್ಣಿರುವುದು ನಡುಮಧ್ಯೆ. ಆಮೇಲೆ ಐದು ನಿಮಿಷ ಹಾಳೆ ನೋಡದೆ, ಸ್ವಂತ ಕೈಯನ್ನೇ ನೋಡುತ್ತಾ ಅದರ ಅಂಚನ್ನು ಬರೆಯಲಿ. ಗೆರೆ ಸೊಟ್ಟಗಾಗುತ್ತದೆ, ಆದರೆ ಬೆರಳಿನ ಗೆಣ್ಣು ಮೊದಲ ಸಲ ಕಾಣುತ್ತದೆ.

ಬಣ್ಣದ ತರಗತಿ ಕೆಡುವುದು ಇನ್ನೂ ಸಣ್ಣ ಕಾರಣಗಳಿಗೆ. ನೋಟ್‌ಬುಕ್ಕಿನ ತೆಳು ಹಾಳೆ ನೀರು ಕುಡಿದು ಸುರುಟುತ್ತದೆ. ಜಲವರ್ಣಕ್ಕೆ ಚದರ ಮೀಟರಿಗೆ 200 ಗ್ರಾಂ ತೂಗುವ ದಪ್ಪ ಹಾಳೆ, ಅಂದರೆ 200 ಜಿಎಸ್‌ಎಂ ಆದರೂ ಬೇಕು. ನಾಲ್ಕು ಮಕ್ಕಳಿಗೆ ಒಂದೇ ಲೋಟ ಇಟ್ಟರೆ ಹತ್ತು ನಿಮಿಷದಲ್ಲಿ ನೀರು ಕೆಸರು, ಚಿತ್ರವೂ ಕೆಸರು. ಬ್ರಷ್ ತೊಳೆಯಲೊಂದು, ಬಣ್ಣ ಕಲಸಲೊಂದು, ಎರಡು ಲೋಟವಿರಲಿ. ಮೊದಲ ಬಣ್ಣ ಆರುವ ಮುಂಚೆ ಮೇಲೆ ಇನ್ನೊಂದು ಬೇಡ. 40 ನಿಮಿಷದ ಪಿರಿಯಡ್ಡಿನಲ್ಲಿ ಹಂಚಿ, ತೊಳೆದು, ಎತ್ತಿಡಲು ಹದಿನೈದು ನಿಮಿಷ ಹೋದರೆ ಕೈಯಲ್ಲಿ ಉಳಿಯುವುದು 25. ಹೀಗಾಗಿ ವಾರಕ್ಕೊಂದು ಪಿರಿಯಡ್ಡಿಗಿಂತ ಎರಡು ವಾರಕ್ಕೊಂದು ಜೋಡಿ ಪಿರಿಯಡ್ ಎಷ್ಟೋ ಮೇಲು.

ನಾಟಕದ ತಿರುವು ತಡವಾಗಿ ಬಂತು. 20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹಳ್ಳಿಶಾಲೆಯೊಂದರ ಮುಖ್ಯ ಶಿಕ್ಷಕಿ ಹ್ಯಾರಿಯೆಟ್ ಫಿನ್ಲೆ-ಜಾನ್ಸನ್ ಚರಿತ್ರೆಯ ಪಾಠವನ್ನು ಮಕ್ಕಳೇ ನಾಟಕ ಮಾಡಿಕೊಳ್ಳಲು ಬಿಟ್ಟರು. ನೋಡುವವರು ಇರಲೇಬೇಕೆಂಬ ಹಟ ಅವರಿಗಿರಲಿಲ್ಲ. ಶಾಂತಿನಿಕೇತನದಲ್ಲಿ ಟ್ಯಾಗೋರರು ಮಕ್ಕಳಿಗಾಗಿ ನಾಟಕ ಬರೆದು, ತಾವೂ ಅವರ ಜೊತೆ ಪಾತ್ರ ಮಾಡಿದರು. 1950ರ ದಶಕದಲ್ಲಿ ಇಂಗ್ಲೆಂಡಿನ ರಂಗಶಿಕ್ಷಕ ಪೀಟರ್ ಸ್ಲೇಡ್ ಮಕ್ಕಳ ನಾಟಕವೇ ಒಂದು ಬೇರೆ ಕಲೆ ಎಂದು ವಾದಿಸಿದ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಉಣ್ಣೆ ಗಿರಣಿಯಲ್ಲಿ ದುಡಿದಿದ್ದ ಡೊರೊಥಿ ಹೀತ್‌ಕೋಟ್, ಶಿಕ್ಷಕಿಯೇ ಪಾತ್ರವಾಗಿ ತರಗತಿಯೊಳಗೆ ಇಳಿಯುವ ವಿಧಾನವನ್ನು ಬೆಳೆಸಿದರು.

ಈ ವಿಧಾನದಲ್ಲಿ 40 ಮಕ್ಕಳಿಗೂ ಕೆಲಸವಿದೆ. ಲಿಖಿತ ನಾಟಕದಲ್ಲಿ ಹತ್ತು ಜನಕ್ಕೆ ಮಾತು, ಮಿಕ್ಕವರಿಗೆ ಮರ, ಸೈನಿಕ, ಪರದೆ. ಐದೈದರ ಎಂಟು ಗುಂಪು ಮಾಡಿ. ಬಾವಿ ಬತ್ತಿದ ದಿನ ಊರು ಹೇಗಿತ್ತು ಎಂದು ಕೇಳಿ, ಮೂರು ನಿಮಿಷದಲ್ಲಿ ‘ಸ್ಟ್ಯಾಚ್ಯೂ’ ಕಟ್ಟಲಿ. ಭುಜ ಮುಟ್ಟಿದವರು ಆ ಪಾತ್ರದ ಮನಸ್ಸಿನ ಒಂದು ಮಾತು ಹೇಳಲಿ. ಆಮೇಲೆ ಶಿಕ್ಷಕರು ಶಾಲು ಹೊದ್ದು ಊರಿನ ಮುಖ್ಯಸ್ಥರಾಗಿ ಬಂದು ಮಕ್ಕಳ ಸಲಹೆ ಕೇಳಲಿ.

ಕೆಡುವ ಜಾಗ ಮೂರು. ಆರಂಭದಲ್ಲೇ ನಿಲ್ಲಿಸುವ ಸನ್ನೆ ಗೊತ್ತುಮಾಡಿರದಿದ್ದರೆ ಗದ್ದಲ ಹಿಡಿತಕ್ಕೆ ಸಿಗುವುದಿಲ್ಲ. ಶಿಕ್ಷಕರು ಪಾತ್ರದಲ್ಲಿ ನಿಂತೇ ‘ಏಯ್, ಮಾತು ಸಾಕು’ ಎಂದರೆ ಅಲ್ಲಿಗೆ ನಂಬಿಕೆ ಒಡೆಯುತ್ತದೆ. ಗದರಲೇಬೇಕಾದರೆ ಶಾಲು ತೆಗೆದು ಗದರಬೇಕು. ಮೂರನೆಯದೇ ಹೆಚ್ಚು ಸಲ ತಪ್ಪುವುದು: ಗಂಟೆ ಹೊಡೆಯುವವರೆಗೂ ಆಡಿಸಿಬಿಡುವುದು. ಕಳ್ಳನೆಂದು ಬೈಸಿಕೊಂಡ ಪಾತ್ರದ ಹುಡುಗ ಅದೇ ಮನಸ್ಸಿನಲ್ಲಿ ಗಣಿತದ ಪಿರಿಯಡ್ಡಿಗೆ ಹೋಗುತ್ತಾನೆ, ಪಕ್ಕದವರು ಅವನನ್ನು ಹಾಗೆಯೇ ಕರೆಯುತ್ತಾರೆ. ಕೊನೆಯ ಎಂಟು ನಿಮಿಷ ವೃತ್ತದಲ್ಲಿ ಕೂರಿಸಿ, ಪ್ರತಿಯೊಬ್ಬರನ್ನೂ ಅವರವರ ಹೆಸರು ಹಿಡಿದು ಕರೆದು, ಏನನ್ನಿಸಿತು ಎಂದು ಕೇಳಿ. ಮೊದಲು ಆ ಹುಡುಗನನ್ನೇ.