ಕಾಲು ಮರಗಟ್ಟಿದೆಯಾ? ಮೊದಲು ಎದೆಗೆ ಸ್ವೆಟರ್ ಹಾಕಿ

ಜುಲೈ ತಿಂಗಳಲ್ಲಿ ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಸೈಕಲ್ ತುಳಿಯುವುದು ಬುದ್ಧಿವಂತರ ಕೆಲಸ ಅಲ್ಲ, ಒಪ್ಪಿದೆ. ಕೈಮರ ದಾಟಿದ ಮೇಲೆ ಮಂಜು, ಆಮೇಲೆ ಜಡಿಮಳೆ. ಮನೆಗೆ ಬಂದು ಶೂ ಬಿಚ್ಚಿದರೆ ಬೆರಳುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು. ಚಿವುಟಿದರೂ ಗೊತ್ತಾಗಲಿಲ್ಲ. ದೊಡ್ಡಮ್ಮ ನೋಡಿ, "ರಕ್ತ ಹೆಪ್ಪುಗಟ್ಟಿದೆ ಕಣೋ" ಅಂದರು. ಪಕ್ಕದ ಮನೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಿರಿಯ ಗಾಳಿ ಸೋಕಿದೆ, ತಾಯತ ಕಟ್ಟಿಸಿ ಅಂದರು.

ಗಾಳಿ ಸೋಕಿದ್ದು ನಿಜ. ತಾಯತಕ್ಕೆ ಬಗ್ಗುವ ಗಾಳಿ ಅಲ್ಲ, ಅಷ್ಟೇ.

ರಕ್ತ ಹೆಪ್ಪುಗಟ್ಟಿರಲಿಲ್ಲ, ದೇಹವೇ ಅದನ್ನು ತಡೆದಿತ್ತು. ಬೆರಳ ತುದಿ ಮತ್ತು ಅಂಗಾಲಿನ ಚರ್ಮದಲ್ಲಿ ರಕ್ತ ತರುವ ಅಪಧಮನಿಯಿಂದ ರಕ್ತ ವಾಪಸ್ ಒಯ್ಯುವ ಅಭಿಧಮನಿಗೆ ನೇರವಾಗಿ ಹಾಯುವ ಪುಟ್ಟ ಅಡ್ಡದಾರಿಗಳಿವೆ. ಅವು ಇರುವುದು ಚರ್ಮಕ್ಕೆ ಊಟ ಕೊಡಲಿಕ್ಕಲ್ಲ, ಮೈಯ ಬಿಸಿಯನ್ನು ಹೊರಗೆ ಚೆಲ್ಲಲಿಕ್ಕೆ. ಕೆರೆಯ ತೂಬು ಇದೆಯಲ್ಲ, ಹಾಗೆ. ನೀರು ಜಾಸ್ತಿಯಿದ್ದಾಗ ತೂಬು ತೆಗೆಯುತ್ತಾರೆ, ಬರ ಬಂದರೆ ಮುಚ್ಚುತ್ತಾರೆ. ಕೊನೆಯ ಗದ್ದೆ ಒಣಗಿದರೂ ಸರಿ, ಕೆರೆ ಉಳಿಯಬೇಕು. ಇಲ್ಲಿ ಕೆರೆ ಅಂದರೆ ಎದೆ ಮತ್ತು ಹೊಟ್ಟೆ, ಕೊನೆಯ ಗದ್ದೆ ಕಾಲ್ಬೆರಳು. ಇನ್ನೊಂದು ರೀತಿ ಹೇಳುವುದಾದರೆ ಇದು ಲೋಡ್ ಶೆಡ್ಡಿಂಗ್: ಕರೆಂಟ್ ಸಾಲದಾಗ ಪೇಟೆಗೆ ಬಿಟ್ಟು ಹಳ್ಳಿಗೆ ತೆಗೆಯುತ್ತಾರಲ್ಲ, ಅದೇ ನ್ಯಾಯ. ಕೆಲವರಲ್ಲಿ ಈ ತೂಬು ಸ್ವಲ್ಪ ಚಳಿಗೇ ಪಟ್ಟಂತ ಮುಚ್ಚಿಕೊಳ್ಳುತ್ತದೆ. ಬೆರಳು ಬೆಳ್ಳಗಾಗಿ, ನೀಲಿಯಾಗಿ, ಕೊನೆಗೆ ಕೆಂಪಾಗುತ್ತದೆ. ಮಾರಿಸ್ ರೇನೋ ಎಂಬ ಫ್ರೆಂಚ್ ವೈದ್ಯ 1862ರಲ್ಲೇ ಇದನ್ನು ವಿವರಿಸಿದ, ಈಗಲೂ ಅವನ ಹೆಸರಲ್ಲೇ ಕರೆಯುತ್ತಾರೆ.

ಸೈಕಲ್‌ನವರ ತಾಪತ್ರಯ ಏನೆಂದರೆ, ಹತ್ತುವಾಗ ಬೆವರಿ ಸಾಕ್ಸ್ ಒದ್ದೆ, ಇಳಿಯುವಾಗ ಕಾಲಿಗೆ ಕೆಲಸವೇ ಇಲ್ಲ. ಒಲೆ ಆರಿಸಿ ಕಿಟಕಿ ತೆಗೆದ ಹಾಗೆ. ಗಿರಿಯ ತುದಿ 1,930 ಮೀಟರ್, ಅಲ್ಲಿ ಊರಿಗಿಂತ ಐದು ಡಿಗ್ರಿಯಷ್ಟು ತಂಪು. ಮೇಲೆ ಇಳಿಜಾರಿನ ಗಾಳಿ. ಇನ್ನು ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಬಿಸಿಯನ್ನು ಸಾಗಿಸುತ್ತದೆ. ಅದಕ್ಕೇ ಹಿಮ ಬೀಳದ ನಮ್ಮೂರಲ್ಲೂ ಕಾಲು ಮರಗಟ್ಟುವುದು. ಬೆಚ್ಚಗಿರಲಿ ಅಂತ ಅದೇ ಶೂ ಒಳಗೆ ಎರಡು ಜೊತೆ ಸಾಕ್ಸ್ ತುರುಕುವವರನ್ನು ನೋಡಿದರೆ ಸಿಟ್ಟು ಬರುತ್ತದೆ. ಬಿಗಿಯಾದರೆ ಬರುವ ಚೂರು ರಕ್ತವೂ ನಿಲ್ಲುತ್ತದೆ, ಅಲ್ವಾ?

ತೂಬಿನ ಕೀಲಿ ಇರುವುದು ಮಿದುಳಿನ ಕೈಯಲ್ಲಿ. ಒದ್ದೆ ಬಟ್ಟೆ ತೆಗೆದು ಎದೆ, ಬೆನ್ನು ಬೆಚ್ಚಗೆ ಮಾಡಿ, ಕೆರೆ ತುಂಬಿತು ಅಂತ ಅದಕ್ಕೆ ಗೊತ್ತಾದರೆ ಕಾಲಿನ ತೂಬು ತಾನಾಗಿ ತೆರೆಯುತ್ತದೆ. ನನಗೆ ಇದರಲ್ಲಿ ಅತಿ ಖುಷಿ ಕೊಡುವ ವಿಷಯ ಇದೇ.

ಆದರೆ ದೊಡ್ಡಮ್ಮ ಬಚ್ಚಲಿನ ಹಂಡೆಯಿಂದ ಹೊಗೆಯಾಡುವ ನೀರು ಮೊಗೆದು ತಂದಿದ್ದರು! ಮರಗಟ್ಟಿದ ಕಾಲಿಗೆ ಸುಡುವುದು ತಿಳಿಯುವುದಿಲ್ಲ, ಬೊಬ್ಬೆ ಬಂದ ಮೇಲೇ ತಿಳಿಯುವುದು. 1812ರಲ್ಲಿ ನೆಪೋಲಿಯನ್ ಸೇನೆ ರಷ್ಯಾದಿಂದ ಓಡಿಬಂದಾಗ ಅದರ ವೈದ್ಯ ಲಾರೆ ಇದನ್ನೇ ಕಂಡ. ಬೆಂಕಿಗೆ ಕಾಲು ಚಾಚಿದವರ ಕಾಲು ಇನ್ನಷ್ಟು ಕೆಟ್ಟಿತು. ಹಾಗಾಗಿ ಬಿಸಿ ಬೇಡ, ಹಿಮದಿಂದ ಉಜ್ಜಿ ಅಂದ. ಮೊದಲರ್ಧ ಸರಿ, ಎರಡನೆಯದು ಶುದ್ಧ ತಪ್ಪು, ಆದರೂ ನೂರು ವರ್ಷಕ್ಕಿಂತ ಜಾಸ್ತಿ ಕಾಲ ಜನ ಉಜ್ಜಿದರು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ದಿನಗಟ್ಟಲೆ ಒದ್ದೆ ಬೂಟಿನಲ್ಲಿ ನಿಂತು ಸಾವಿರಾರು ಸೈನಿಕರ ಪಾದ ಕೆಟ್ಟವು. ಆಗ ದೊಡ್ಡ ಉಪಾಯ ಆಗಿ ಬಂದದ್ದು ಒಣ ಸಾಕ್ಸ್.

ಹಾಗಾಗಿ ಒರೆಸಿ, ಉಜ್ಜಬೇಡಿ. ಒಣ ಸಾಕ್ಸ್, ಕಂಬಳಿ ಸಾಕು. ನೀರು ಬೇಕೇ ಬೇಕೆಂದರೆ ಉಗುರು ಬೆಚ್ಚಗಿರಲಿ, ಬೇರೆಯವರ ಕೈ ಹಾಕಿಸಿ ನೋಡಿ. ಬಣ್ಣ ಮರಳುವಾಗ ಉರಿಯುತ್ತದೆ, ಅದು ರಕ್ತ ವಾಪಸ್ ಬರುವ ಲಕ್ಷಣ. ಬೆಚ್ಚಗಾದ ಮೇಲೂ ಬಣ್ಣ ಮರಳದಿದ್ದರೆ, ಒಂದೇ ಕಾಲಿಗೆ ಹೀಗಾಗುತ್ತಿದ್ದರೆ, ಹುಣ್ಣಾದರೆ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ಅಷ್ಟು ಕಾಯುವುದೂ ಬೇಡ.