ಮೈಕ್ರೋಮೀಟರ್ ಸರಿಯಾಗೇ ಇದೆ, ಜಾಬ್ ಬಿಸಿ ಇದೆ

ಪೀಣ್ಯದಲ್ಲಿ ಕ್ಯಾಲಿಬ್ರೇಶನ್ ಕೆಲಸಕ್ಕೆ, ಅಂದರೆ ಅಳತೆಯ ಉಪಕರಣಗಳು ಸರಿ ಇವೆಯಾ ಅಂತ ಪರೀಕ್ಷಿಸುವ ಕೆಲಸಕ್ಕೆ, ಕೂತ ಮೇಲೆ ನನಗೆ ಬೇಜಾರು ಬಂದಿರುವುದು ಒಂದೇ ದೂರಿನಿಂದ. ಯಾರೋ ಒಬ್ಬರು ಮೈಕ್ರೋಮೀಟರನ್ನು (ದಪ್ಪ, ವ್ಯಾಸ ಸೂಕ್ಷ್ಮವಾಗಿ ಅಳೆಯುವ ಕೈ ಉಪಕರಣ) ಬನಿಯನ್ ಬಟ್ಟೆಯಲ್ಲಿ ಸುತ್ತಿ ತಂದು ಮೇಜಿನ ಮೇಲೆ ಇಡುತ್ತಾರೆ. "ಸಾರ್, ಇದು ಕೆಟ್ಟಿದೆ. ರಾತ್ರಿ ಒಂದು ಸೈಜ್ ತೋರಿಸುತ್ತೆ, ಬೆಳಿಗ್ಗೆ ಇನ್ನೊಂದು." ಸ್ಲಿಪ್ ಗೇಜ್, ಅಂದರೆ ನಿಖರ ಅಳತೆಯ ಉಕ್ಕಿನ ತುಂಡು, ಇಟ್ಟು ನೋಡುತ್ತೇನೆ. ಬಹಳ ಸಲ ಅದು ಸರಿಯಾಗೇ ಇರುತ್ತದೆ.

ಆಮೇಲೆ ಕೇಳುತ್ತೇನೆ: ಜಾಬ್, ಅಂದರೆ ತಯಾರಿಸಿದ ಭಾಗವನ್ನು, ಮೆಷಿನ್ನಿಂದ ಇಳಿಸಿ ಎಷ್ಟು ಹೊತ್ತಿಗೆ ಅಳೆದಿರಿ?

"ಎಷ್ಟು ಹೊತ್ತು ಅಂದ್ರೆ? ಇಳಿಸಿದ ತಕ್ಷಣ."

ರಾಚೆಟ್ ಹಿಡಿದು ತಿರುಗಿಸಿ, ಝೀರೋ ನೋಡಿಕೊಳ್ಳಿ ಅಂತೆಲ್ಲ ನಾನು ಹೇಳುವುದಿಲ್ಲ. ಅದು ಐಟಿಐ ಪಾಠ. ಬಿಸಿಯ ವಿಷಯ ಮಾತ್ರ ಯಾರ ತಲೆಗೂ ಹೋಗುತ್ತಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಸಣ್ಣ ಮೆಷಿನ್ ಶಾಪ್‌ನಲ್ಲಿ 40 ಶಾಫ್ಟ್ ರಿಜೆಕ್ಟ್ ಆದವು. ಡ್ರಾಯಿಂಗ್‌ ಪ್ರಕಾರ ವ್ಯಾಸ 49.984ರಿಂದ 50.000 ಮಿ.ಮೀ. ಒಳಗಿರಬೇಕು. ನೈಟ್ ಶಿಫ್ಟ್ ಹುಡುಗ ಪ್ರತಿಯೊಂದನ್ನೂ ಅಳೆದು 49.99 ಅಂತ ನೀಟಾಗಿ ಬರೆದಿಟ್ಟಿದ್ದ. ಗಿರಾಕಿಯ ಕಡೆ ಎಲ್ಲವೂ 49.97. ಮಾಲೀಕರು ಹುಡುಗನನ್ನು ಬೈದರು, ಮೈಕ್ರೋಮೀಟರನ್ನು ಬೈದರು. ಹುಡುಗ ಸುಳ್ಳು ಬರೆದಿರಲಿಲ್ಲ, ಪಾಪ.

ಲೆಕ್ಕ ನೋಡಿ. ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ). 50 ಮಿ.ಮೀ. ಶಾಫ್ಟಿಗೆ ಡಿಗ್ರಿಗೆ ಅರ್ಧ ಮೈಕ್ರಾನಿಗಿಂತ ಸ್ವಲ್ಪ ಜಾಸ್ತಿ. ಏನು ಮಹಾ ಅನ್ನಿಸುತ್ತೆ, ಅಲ್ವಾ? ಕೂಲೆಂಟ್ ಸರಿಯಾಗಿ ಬೀಳದೆ ಜಾಬ್ 60 ಡಿಗ್ರಿಗೆ ಹೋಗಿದೆ, ಶಾಪ್ 25ರಲ್ಲಿದೆ ಅಂದುಕೊಳ್ಳಿ. 35 ಡಿಗ್ರಿಗೆ 20 ಮೈಕ್ರಾನ್, ಆರಿದ ಮೇಲೆ ಅಷ್ಟೂ ಕುಗ್ಗುತ್ತದೆ. ಡ್ರಾಯಿಂಗ್ ಕೊಟ್ಟಿರುವ ಟಾಲರೆನ್ಸೇ, ಅಂದರೆ ಹೆಚ್ಚುಕಡಿಮೆಗೆ ಬಿಟ್ಟ ಜಾಗವೇ, 16. ಅಲ್ಯೂಮಿನಿಯಂ ಆದರೆ ಹಿಗ್ಗುವುದು ಇದರ ಎರಡರಷ್ಟು.

ಇದನ್ನು ಹೇಳಿದರೆ ತಕ್ಷಣ ಇನ್ನೊಂದು ತಪ್ಪು ತಿಳಿವಳಿಕೆ ಶುರುವಾಗುತ್ತದೆ. "ಹಾಗಾದ್ರೆ ಎಸಿ ಹಾಕಿಸ್ಬೇಕಾ ಸಾರ್? 20 ಡಿಗ್ರಿ ಇರ್ಬೇಕಂತಲ್ಲ?" ಹೌದು, ಅಳತೆಗೆ ಜಗತ್ತು ಒಪ್ಪಿಕೊಂಡ ತಾಪಮಾನ 20 ಡಿಗ್ರಿ, ನಮ್ಮ ಲ್ಯಾಬ್ ಅದಕ್ಕೇ ತಣ್ಣಗಿರುತ್ತದೆ. ಆದರೆ ನಿಮ್ಮ ಮೈಕ್ರೋಮೀಟರೂ ಉಕ್ಕು, ಶಾಫ್ಟೂ ಉಕ್ಕು. ಎರಡೂ 32 ಡಿಗ್ರಿಯಲ್ಲಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ಹಿಗ್ಗಿರುತ್ತವೆ, ರೀಡಿಂಗ್ ಸರಿ ಬರುತ್ತದೆ. ಒಂದು ಬಿಸಿ, ಒಂದು ತಣ್ಣಗೆ ಆದಾಗಲೇ ಎಡವಟ್ಟು. ಅಲ್ಯೂಮಿನಿಯಂಗೆ ಈ ಮಾತು ಪೂರ್ತಿ ಹೊಂದುವುದಿಲ್ಲ. ಅದೇ 32 ಡಿಗ್ರಿಯಲ್ಲಿ 80 ಮಿ.ಮೀ. ಅಲ್ಯೂಮಿನಿಯಂ ಬುಷ್ (ಕೊಳವೆಯಂಥ ಭಾಗ) ಸುಮಾರು 11 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಅಷ್ಟು ಬಿಗಿ ಕೆಲಸ ಇದ್ದರೆ ಲೆಕ್ಕ ಹಾಕಿ ಕಳೆಯಿರಿ, ಇಲ್ಲ ಲ್ಯಾಬ್‌ಗೆ ತನ್ನಿ.

ಎಷ್ಟು ಹೊತ್ತು ಬಿಡಬೇಕು ಅಂತ ಒಂದೇ ಉತ್ತರ ಕೊಡಲಾರೆ. ಜಾಬಿನ ದಪ್ಪ, ಗಾಳಿ, ಎಲ್ಲಿ ಇಟ್ಟಿದ್ದೀರಿ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಮರದ ಬೆಂಚಿಗಿಂತ ಬೀಡುಕಬ್ಬಿಣದ ಸರ್ಫೇಸ್ ಪ್ಲೇಟ್ (ಅಳತೆಗೆ ಬಳಸುವ ಸಪಾಟು ತಟ್ಟೆ) ಮೇಲೆ ಬೇಗ ಆರುತ್ತದೆ. ಮೈಕ್ರೋಮೀಟರನ್ನೂ ಪಕ್ಕದಲ್ಲೇ ಇಡಿ. ಜೇಬಿನಲ್ಲಿ ಇಟ್ಟುಕೊಂಡು ಓಡಾಡಬೇಡಿ. ಅದರ ಫ್ರೇಮಿನ ಮೇಲಿರುವ ಪ್ಲಾಸ್ಟಿಕ್ ಪಟ್ಟಿಯನ್ನು ಕೆಲವರು ಸುಮ್ನೆ ಕಿತ್ತು ಹಾಕಿರುತ್ತಾರೆ. ಅಂದಕ್ಕೆ ಹಾಕಿದ್ದಲ್ಲ ಸ್ವಾಮಿ, ನಿಮ್ಮ ಅಂಗೈ ಬಿಸಿ ಫ್ರೇಮಿಗೆ ತಾಗದಿರಲಿ ಅಂತ.

ಆ 40 ಶಾಫ್ಟಿನ ಶಾಪಿನಲ್ಲೇ ಒಬ್ಬ ಹಳೇ ಟರ್ನರ್ ಇದ್ದಾರೆ, ಡೇ ಶಿಫ್ಟ್. ಅಳೆಯುವ ಮುಂಚೆ ಜಾಬನ್ನು ಮುಂಗೈ ಒಳಭಾಗಕ್ಕೆ ಒತ್ತುತ್ತಾರೆ, ಆಮೇಲೆ ಮೈಕ್ರೋಮೀಟರ್ ಫ್ರೇಮನ್ನು. ಎರಡೂ ಒಂದೇ ಥರ ತಣ್ಣಗೆ ಅನ್ನಿಸಿದರೆ ಮಾತ್ರ ಅಳೆಯುತ್ತಾರೆ. ಯಾಕೆ ಹುಡುಗನಿಗೆ ಹೇಳಿಕೊಡಲಿಲ್ಲ ಅಂತ ಕೇಳಿದೆ.

"ಅವನು ಕೇಳ್ಲೇ ಇಲ್ವಲ್ಲ ಸಾರ್" ಅಂದರು.